ಹಳೆಯ ಲ್ಯಾಪ್‌ಟಾಪೂ ಹೊಸ ಬೀಗವೂ

ಕಳೆದ ಸಂಚಿಕೆಯಲ್ಲಿ ಮಕ್ಕಳ ಕೈಬರಹದ ವಿಚಾರವಾಗಿ ಬರೆದು, ಉಳಿದ ಭಾಗವನ್ನು ಈ ತಿಂಗಳು ಪೂರೈಸುವುದಾಗಿ ಮಾತು ಕೊಟ್ಟಿದ್ದೆವು. ನಡುವೆ ಒದಗಿದ ಪ್ರಸಂಗವೊಂದು ಅದನ್ನು ಮುಂದಕ್ಕೆ ಹಾಕಿಸಿದೆ. ವಾಚಕರು ಮನ್ನಿಸಬೇಕು.

ನಮ್ಮ ಮನೆಯಿಂದ ಎರಡು ಅಡಿಕೆ ತೋಟ ದಾಟಿದರೆ, ಬಸ್ಸು ನಿಲ್ಲುವ ಕಟ್ಟೆಯ ಎದುರಿನ ಮನೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ವಾಸವಾಗಿದ್ದಾಳೆ. ಒಂದನೆಯ ತರಗತಿಯಿಂದಲೂ ಕನ್ನಡ ಮಾಧ್ಯಮದಲ್ಲೇ ಓದಿ, ಅಧ್ಯಾಪಕ ತರಬೇತಿಯನ್ನೂ ಮುಗಿಸಿ, ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್ನಿನವರು ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗೆ ಅರ್ಜಿ ಕರೆಯುವುದನ್ನೇ ಕಾದು ಕುಳಿತಿದ್ದವಳು. ಕಾಸರಗೋಡಿನ ನಮ್ಮ ಮಕ್ಕಳಿಗೆ ಅಂಥ ಅವಕಾಶವೊಂದು ತಪ್ಪಿತೆಂದರೆ ಮತ್ತೆ ಯಾವಾಗ ಬಂದೀತೆಂದು ಹೇಳುವವರಿಲ್ಲ. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬೇಕು. ಕೊನೆಯ ದಿನದ ಮುಸ್ಸಂಜೆ ಅವಳ ತಾಯಿ ನಮ್ಮ ಅಂಗಳಕ್ಕೆ ಬಂದು ನಿಂತರು.

"ಮಾಸ್ಟ್ರೇ, ಒಂದು ಗಳಿಗೆ ಬಂದು ನೋಡ್ತೀರಾ? ಮಗಳು ಅಳ್ತಾ ಕೂತಿದ್ದಾಳೆ."

ಹೋಗಿ ನೋಡಿದೆವು. ತುಲಾ ಮಾಸದ ಸಿಡಿಲಿಗೆ ಅವರ ಹಳೆಯ ರೂಟರ್ ಸುಟ್ಟುಹೋಗಿ, ವಾರದ ಹಿಂದಷ್ಟೇ ಹೊಸದನ್ನು ಕೂರಿಸಿದ್ದರು. ತಾಯಿಯ ಫೋನಿಗೂ ಮಗಳ ಫೋನಿಗೂ ಅದು ತಕರಾರಿಲ್ಲದೆ ಒಲಿದಿತ್ತು. ಹತ್ತು ಹನ್ನೆರಡು ವರ್ಷದ ಲ್ಯಾಪ್‌ಟಾಪಿಗೆ ಮಾತ್ರ ಒಲಿಯಲಿಲ್ಲ. ಪ್ರಮಾಣಪತ್ರಗಳೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಇದ್ದುವು. ಅಕ್ಷಯ ಕೇಂದ್ರ ಬಾಗಿಲು ಹಾಕಿಯಾಗಿತ್ತು. ರೂಟರ್ ಕೂರಿಸಿದವನಿಗೆ ಫೋನು ಮಾಡಿದ್ದಕ್ಕೆ, "ನಿಮ್ಮದು ಹಳೆಯದು, ಹೊಸದು ತಗೊಳ್ಳಿ" ಎಂಬ ಉತ್ತರ ಬಂದಿತ್ತಂತೆ. ವಿಧವೆಯೊಬ್ಬರ ಮನೆಯಲ್ಲಿ ಮೂವತ್ತು ನಲವತ್ತು ಸಾವಿರ ರೂಪಾಯಿಯ ಮಾತನ್ನು ಎಷ್ಟು ಹಗುರವಾಗಿ ಆಡುತ್ತಾರೆ ನೋಡಿ!

ಆ ರಾತ್ರಿ ನಾವು ಮಾಡಿದ್ದು ಮುಖ್ಯೋಪಾಧ್ಯಾಯರೆನಿಸಿಕೊಂಡವರು ಮಾಡತಕ್ಕ ಕೆಲಸವಲ್ಲ. ಶಾಲೆಯ ಗಣಕಯಂತ್ರಗಳೊಡನೆ ಒದ್ದಾಡಿದ ಅಲ್ಪ ವಿದ್ಯೆಯಿಂದ ರೂಟರಿನ ಪುಟವನ್ನು ತೆರೆದು, ಭದ್ರತೆಯೆಂಬಲ್ಲಿ 'ಓಪನ್' ಎಂದು ಗುರುತು ಹಾಕಿಬಿಟ್ಟೆವು. ಅಂದರೆ ಬೀಗವನ್ನೇ ಕಿತ್ತೆಸೆದೆವು. ಲ್ಯಾಪ್‌ಟಾಪು ತಟ್ಟನೆ ಸೇರಿಕೊಂಡಿತು. ಹತ್ತೂಮುಕ್ಕಾಲಕ್ಕೆ ಅರ್ಜಿ ಹೋಯಿತು. ಹಲಸಿನ ಹಪ್ಪಳ ತಿಂದು, ಕಾಫಿ ಕುಡಿದು, ಕೃತಕೃತ್ಯರಾದವರಂತೆ ಮನೆಗೆ ಬಂದು ಮಲಗಿದೆವು. ಬೀಗದ ಮಾತು ಮರೆತೇಹೋಯಿತು.

ಹನ್ನೆರಡು ದಿನ ಕಳೆದ ಮೇಲೆ ಹುಡುಗಿ, "ಸರ್, ನೆಟ್ ತುಂಬಾ ನಿಧಾನ ಆಗಿದೆ" ಎಂದಳು. ರೂಟರಿನಲ್ಲಿ ಯಾರುಯಾರು ಸೇರಿದ್ದಾರೆಂಬ ಪಟ್ಟಿಯನ್ನು ತೆರೆದಾಗ ಎದೆ ಝಲ್ಲೆಂದಿತು. ಮನೆಯಲ್ಲಿರುವುದು ಎರಡು ಫೋನು, ಒಂದು ಲ್ಯಾಪ್‌ಟಾಪು. ಪಟ್ಟಿಯಲ್ಲಿದ್ದುದು ಹದಿನಾಲ್ಕು ಹೆಸರು! ಬಸ್ಸು ಕಾಯುವವರಿಗೆಲ್ಲ ಕಟ್ಟೆಯೇ ಚಾವಡಿಯಾಗಿತ್ತು. ಅವರಲ್ಲಿ ಬಹುಮಂದಿ ನಿರಪರಾಧಿಗಳೇ ಇರಬಹುದು. ಆದರೆ 2008ರ ಜುಲೈ ತಿಂಗಳಲ್ಲಿ ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಮುನ್ನ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದು ಹೊರಟ ಪೊಲೀಸರು ಬಂದು ನಿಂತದ್ದು ನವಿ ಮುಂಬಯಿಯ ಒಂದು ಮನೆಯ ವೈ-ಫೈ ಸಂಪರ್ಕಕ್ಕೆ; ಪರರು ಅದನ್ನು ಬಳಸಿಕೊಂಡಿದ್ದರು. ಮನೆಯವರು ವಿಚಾರಣೆಗೆ ಒಳಗಾಗಬೇಕಾಯಿತು. ಅರ್ಜಿ ಹಾಕಿ ಸರಕಾರಿ ಕೆಲಸ ಕಾಯುವ ಹುಡುಗಿಯ ಮನೆಗೆ ಅಂಥದೊಂದು ವಿಚಾರಣೆ ಬಂದಿದ್ದರೆ ನಾವು ಯಾವ ಮುಖ ಹೊತ್ತು ಆ ಅಂಗಳ ತುಳಿಯಬಹುದಿತ್ತು?

ಅಂದೇ ಸಂಜೆ ಕ್ರಮವಾಗಿ ಕುಳಿತೆವು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ನಡೆಯಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಾಯಿಗೆ ತಿಳಿಯುವಂತೆ ಅಗುಳಿ, ಚಿಲಕ, ಬೀಗದ ಮಾತಿನಿಂದಲೇ ಆರಂಭಿಸಿದೆವು.

ನಿಸ್ತಂತು ಜಾಲಕ್ಕೆ 1997ರಲ್ಲಿ ಮೊದಲು ಬಂದ ಬೀಗದ ಹೆಸರು ವೆಪ್. ಒಂದೇ ಕೀಲಿಕೈಯ ಜೊತೆಗೆ ಪ್ರತಿ ಸಂದೇಶಕ್ಕೂ ಬೇರೆಬೇರೆ ಸಂಖ್ಯೆಯೊಂದನ್ನು ಸೇರಿಸಿ ಗುಟ್ಟುಮಾಡುವುದು ಅದರ ಕ್ರಮ. ಆ ಸಂಖ್ಯೆಗಳಾದರೋ ಸುಮಾರು 1 ಕೋಟಿ 67 ಲಕ್ಷ ಮಾತ್ರ. ದೊಡ್ಡ ಮೊತ್ತವೆಂದು ತೋರಿದರೂ, ಸಂಚಾರ ಹೆಚ್ಚಿರುವ ಜಾಲದಲ್ಲಿ ಬೇಗನೆ ಮುಗಿದು ಮತ್ತೆ ಮೊದಲಿನಿಂದ ಬರುತ್ತವೆ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ಈ ಬೀಗದ ದೋಷವನ್ನು ಬಯಲಿಗೆಳೆದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟಿನವರು ಅದನ್ನು ಒಂದು ನಿಮಿಷದೊಳಗೆ ತೆರೆಯಬಹುದೆಂದು ತೋರಿಸಿಕೊಟ್ಟರು. ಹಾಗಾಗಿ ವೆಪ್ ಇದ್ದೂ ಇಲ್ಲದಂತೆ. 2003ರಲ್ಲಿ ಬಂದ ಡಬ್ಲ್ಯುಪಿಎ ಹಳೆಯ ಯಂತ್ರಗಳಲ್ಲೇ ನಡೆಯುವಂತೆ ಮಾಡಿದ ತೇಪೆ. ಟಿಕೆಐಪಿ ಎಂಬುದು ಅದರ ಭಾಗ. ಗಟ್ಟಿಯಾದ ಬೀಗ ಬಂದದ್ದು 2004ರಲ್ಲಿ, ಎಇಎಸ್ ಎಂಬ ಗೂಢಲಿಪಿಯೊಡನೆ, ಡಬ್ಲ್ಯುಪಿಎ-2 ಎಂಬ ಹೆಸರಿನಿಂದ. 2006ರ ಮಾರ್ಚ್‌ನಿಂದೀಚೆಗೆ ವೈ-ಫೈ ಪ್ರಮಾಣಪತ್ರಕ್ಕೆ ಬರುವ ಎಲ್ಲ ಹೊಸ ಸಾಧನಗಳಿಗೂ ಅದು ಕಡ್ಡಾಯವಾಯಿತು. 2018ರಲ್ಲಿ ಡಬ್ಲ್ಯುಪಿಎ-3 ಬಂತು. 2020ರ ಜುಲೈಯಿಂದ ಪ್ರಮಾಣಪತ್ರಕ್ಕೆ ಅದು ಕಡ್ಡಾಯ.

ಹುಡುಗಿಯ ಸಂಕಟದ ಮೂಲ ಇಲ್ಲೇ ಇತ್ತು. ಹೊಸ ರೂಟರನ್ನು ಡಬ್ಲ್ಯುಪಿಎ-3 ಒಂದಕ್ಕೇ ಕಟ್ಟಿ ಹೋಗಿದ್ದರು. ಆಕೆಯ ಲ್ಯಾಪ್‌ಟಾಪು ಆ ಬೀಗ ಹುಟ್ಟುವ ಮೊದಲಿನದು. ವಿಂಡೋಸ್ 10ಕ್ಕೆ 2019ರ ಆವೃತ್ತಿಯಿಂದ ಈ ಬೀಗದ ಪರಿಚಯವುಂಟಾದರೂ, ಒಳಗಿನ ನಿಸ್ತಂತು ಕಾರ್ಡಿಗೂ ಅದರ ಡ್ರೈವರಿಗೂ ಪರಿಚಯವಿರಬೇಕಷ್ಟೆ! ಅದಕ್ಕೆ ಹೊಸ ಡ್ರೈವರನ್ನು ತಯಾರಕರು ಕೊಟ್ಟಿರಲಿಲ್ಲ.

ಇಂಥ ತೊಂದರೆ ಬಂದಾಗ ಮೊದಲು ರೋಗಲಕ್ಷಣವನ್ನು ನೋಡಬೇಕು. ಜಾಲದ ಹೆಸರು ಪಟ್ಟಿಯಲ್ಲಿ ಕಾಣಿಸುತ್ತದೆ, ಪಾಸ್‌ವರ್ಡೂ ಸರಿಯಿದೆ, ಫೋನು ಸೇರುತ್ತದೆ, ಲ್ಯಾಪ್‌ಟಾಪು ಮಾತ್ರ ಒಲ್ಲೆನೆನ್ನುತ್ತದೆ ಎಂದಾದರೆ ಸಂಶಯ ಬೀಗದ ಮೇಲೆ. ಹೆಸರೇ ಕಾಣಿಸದಿದ್ದರೆ ಅದು ಬೀಗದ ದೋಷವಲ್ಲ; ದಾರಿಯ ದೋಷ. ಹಳೆಯ ಕಾರ್ಡುಗಳಲ್ಲಿ ಅನೇಕಕ್ಕೆ 2.4 ಗಿಗಾಹರ್ಟ್ಸಿನ ಅಲೆಗಳು ಮಾತ್ರ ಗೊತ್ತು, 5ರ ಅಲೆಗಳು ಅವಕ್ಕೆ ಕಾಣುವುದೇ ಇಲ್ಲ. ರೂಟರಿನಲ್ಲಿ ಎರಡಕ್ಕೂ ಬೇರೆಬೇರೆ ಹೆಸರಿಟ್ಟರೆ ಗೊಂದಲ ತಪ್ಪುತ್ತದೆ. (ನಮ್ಮ ಮುರಕಲ್ಲಿನ ಗೋಡೆಗಳನ್ನು ದಾಟುವುದರಲ್ಲಿಯೂ 2.4ರದೇ ಮೇಲುಗೈ.) ರೂಟರಿನಲ್ಲಿ 'ಎಎಕ್ಸ್' ಎಂಬ ಹೊಸ ಕ್ರಮ ಚಾಲ್ತಿಯಲ್ಲಿದ್ದರೂ ಕೆಲವು ಹಳೆಯ ಡ್ರೈವರುಗಳಿಗೆ ಜಾಲ ಕಾಣುವುದಿಲ್ಲ. ಡ್ರೈವರನ್ನು ಹೊಸದಾಗಿಸಬೇಕು, ಆಗದಿದ್ದರೆ 2.4ರಲ್ಲಿ ಆ ಕ್ರಮವನ್ನು ನಿಲ್ಲಿಸಬೇಕು.

ನಾವು ಮೊದಲು ಹಾಕಿದ್ದು ಡಬ್ಲ್ಯುಪಿಎ-2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಕ್ರಮ. ಫೋನುಗಳು ಸೇರಿದುವು, ಲ್ಯಾಪ್‌ಟಾಪು ಸೇರಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಬೀಗವಿಲ್ಲದ ಕಾಲದ ನೆನಪನ್ನು ಅದು ಇನ್ನೂ ಇಟ್ಟುಕೊಂಡಿತ್ತು! ರೂಟರಿನ ಬೀಗ ಬದಲಿಸಿದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಆ ಜಾಲದ ಹೆಸರಿನ ಮೇಲೆ 'ಫರ್ಗೆಟ್' ಒತ್ತಿ, ಹೊಸದಾಗಿ ಸೇರಿಸಬೇಕು. ಹಾಗೆ ಮಾಡಿದ ಮೇಲೆ ಪಾಸ್‌ವರ್ಡನ್ನೇನೋ ಕೇಳಿತು. ಆದರೂ ಒಳಗೆ ಹೋಗಲಿಲ್ಲ. ಮಿಶ್ರ ಕ್ರಮದ ಕೆಲವು ಹೊಸ ಸಂಕೇತಗಳನ್ನು ಕಂಡು ಬೆದರುವ ಹಳೆಯ ಡ್ರೈವರುಗಳುಂಟು.

ಕೊನೆಗೆ ಉಪಾಯ ಹೊಳೆದದ್ದು ರೂಟರಿನಲ್ಲೇ ಇದ್ದ 'ಗೆಸ್ಟ್' ಜಾಲದಲ್ಲಿ. ಅದನ್ನು 2.4ರಲ್ಲಿ ತೆರೆದು, ಡಬ್ಲ್ಯುಪಿಎ-2 ಎಇಎಸ್ ಎಂದು ಗುರುತಿಸಿ, ಬೇರೆ ಪಾಸ್‌ವರ್ಡು ಕೊಟ್ಟೆವು. ಲ್ಯಾಪ್‌ಟಾಪು ಮರುಮಾತಿಲ್ಲದೆ ಸೇರಿತು. ಫೋನುಗಳಿಗೆ ಮನೆಯ ಮುಂಬಾಗಿಲು, ಹಳೆಯದಕ್ಕೆ ಅದರದೇ ಹಿತ್ತಿಲ ಬಾಗಿಲು, ಎರಡಕ್ಕೂ ಬೀಗ. ಗೆಸ್ಟ್ ಜಾಲದಲ್ಲಿರುವ ಯಂತ್ರಕ್ಕೆ ಸಾಮಾನ್ಯವಾಗಿ ಮನೆಯ ಪ್ರಿಂಟರು ಕಾಣಿಸುವುದಿಲ್ಲವೆಂಬುದು ಮಾತ್ರ ನೆನಪಿರಲಿ.

ಡಬ್ಲ್ಯುಪಿಎ-2ರಲ್ಲಿ ಇರುವವರು ಪಾಸ್‌ವರ್ಡಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಸೇರುವಾಗಿನ ಮಾತುಕತೆಯನ್ನು ಕದ್ದುಕೇಳಿದವನು ಮನೆಗೆ ಹೋಗಿ ನಿಧಾನವಾಗಿ ಊಹೆ ಮಾಡುತ್ತ ಕೂರಬಲ್ಲ. ಆ ಸೌಕರ್ಯ ಡಬ್ಲ್ಯುಪಿಎ-3ರಲ್ಲಿ ಅವನಿಗಿಲ್ಲ. 8ರಿಂದ 63 ಅಕ್ಷರಗಳವರೆಗೆ ಎಡೆಯಿದೆ. ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ. ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಉದ್ದಕ್ಕೆ ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ.

ಇನ್ನು 2006ಕ್ಕೂ ಹಿಂದಿನ, ವೆಪ್ ಬಿಟ್ಟರೆ ಬೇರೆ ತಿಳಿಯದ ಯಂತ್ರಗಳು ಅಟ್ಟದ ಮೇಲೆ ಇದ್ದಾವು. ಅವುಗಳಿಗಾಗಿ ರೂಟರನ್ನು ವೆಪ್‌ಗೆ ಇಳಿಸಬೇಡಿ. ಅದು ನಮ್ಮ ಆ ರಾತ್ರಿಯ ಬುದ್ಧಿಗೆ ಸಮಾನ. ಹಿಂಬದಿಯ ಕಿಂಡಿಗೆ ಲ್ಯಾನ್ ಕೇಬಲ್ ಸಿಕ್ಕಿಸಿದರೆ ನಿಸ್ತಂತು ಬೀಗದ ಪ್ರಶ್ನೆಯೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈ-ಫೈ ಅಡಾಪ್ಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ನಿಮ್ಮ ವಿಂಡೋಸಿಗೆ ಅದು ಒಗ್ಗುತ್ತದೆಯೇ ಎಂದು ಪೊಟ್ಟಣದ ಮೇಲೆ ಓದಿಕೊಂಡೇ ಕೊಳ್ಳಿ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ತಯಾರಕರ ಆಸರೆ ನಿಂತಿದೆ. ಅಂಥದನ್ನು ಅಂತರ್ಜಾಲಕ್ಕೆ ಕಟ್ಟದೆ, ಹಳೆಯ ಫೋಟೋ ನೋಡಲು ಇಟ್ಟುಕೊಳ್ಳುವುದೇ ಲೇಸು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಕಟ್ಟೆಯ ಮೇಲಿದ್ದ ಇಬ್ಬರು ತರುಣರು ಫೋನನ್ನು ಮೇಲಕ್ಕೂ ಕೆಳಕ್ಕೂ ಹಿಡಿದು ನೋಡುತ್ತಿದ್ದರು. "ಮಾಸ್ಟ್ರೇ, ಇಲ್ಲಿ ನೆಟ್ ಹೋಗಿದೆ ಅಲ್ವಾ?" ಎಂದು ಒಬ್ಬ ಕೇಳಿದ. ಹೋಗಿದೆ ಎಂದೆವು. ಹುಡುಗಿಗೆ ಪರೀಕ್ಷೆಯ ದಿನಾಂಕ ಇನ್ನೂ ಬಂದಿಲ್ಲ; ಲ್ಯಾಪ್‌ಟಾಪಿನ ಮುಂದೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದಾಳೆ. ಕೈಬರಹದ ಉಳಿದ ಭಾಗ ಮುಂದಿನ ತಿಂಗಳು.