ದಿಂಬಂಗೆ ಬಂದ ಕಡಲ ಮೀನು



ಮೊನ್ನೆ ಮನೆಭೇಟಿಗೆಂದು ದಿಂಬಂಗೆ ಹೋಗಿದ್ದೆವು. ಬಣ್ಣಾರಿಯಿಂದ 27 ಕಡಿದಾದ ತಿರುವುಗಳನ್ನು ಏದುಸಿರುಬಿಡುತ್ತಾ ಹತ್ತಿದ ಬಸ್ಸು ನಮ್ಮನ್ನು ಚಳಿಗಾಳಿಯಲ್ಲಿ ಇಳಿಸಿತು. ಒಂದು ಮನೆಯಲ್ಲಿ ಮೂರನೇ ತರಗತಿಯ ಹುಡುಗ ಖಾಲಿ ಗಾಜಿನ ತೊಟ್ಟಿ ತೋರಿಸಿ, "ಫಾದರ್, ನಾನು ಸರಿಯಾಗಿ ಊಟ ಹಾಕಲಿಲ್ಲವೆಂದು ಸತ್ತಿತೇ?" ಎಂದು ಕೇಳಿದ. ಮಾವ ಪೇಟೆಯಿಂದ ತಂದಿದ್ದ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು ಅದು. ಕೊಳವೆಬಾವಿ ನೀರಿಗೆ ಬಿಟ್ಟಿದ್ದರು, ಬೆಳಗಾಗುವಷ್ಟರಲ್ಲಿ ತೇಲುತ್ತಿತ್ತಂತೆ. ಮಾರಿದವರು ಒಂದು ಮಾತೂ ಹೇಳಿರಲಿಲ್ಲ.

ತಪ್ಪು ಊಟದ್ದಲ್ಲ, ನೀರಿನದು ಎಂದೆವು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಡಲ ಮೀನು ಆ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಹಾಕಿ ಬದುಕುತ್ತದೆ. ಸಿಹಿನೀರಿಗೆ ಬಿಟ್ಟರೆ ಎಲ್ಲವೂ ತಿರುಗುಮುರುಗು. ನೀರು ಮೈಯೊಳಗೆ ನುಗ್ಗುತ್ತದೆ. ಅಡುಗೆ ಉಪ್ಪು ಹಾಕಿದರೂ ಅದು ಕಡಲಾಗದು. ಮೇಲಾಗಿ ಈ ಮೀನಿಗೆ ಬೆಚ್ಚನೆಯ ನೀರೇ ಬೇಕು. ದಿಂಬಂನ ಚಳಿ ನಮಗೇ ಕಷ್ಟ!

ಅದರ ನಿಜವಾದ ಮನೆ ಕಡಲ ಹೂವು, ಅಂದರೆ ಸೀ ಅನಿಮೊನಿ. ಹೂವಲ್ಲ, ಕುಟುಕುವ ಪ್ರಾಣಿ. ಬೇರೆ ಮೀನು ಮುಟ್ಟಿದರೆ ಸಾವು. ಕ್ಲೌನ್ ಮೀನನ್ನು ಮಾತ್ರ ಮೈಮೇಲಿನ ಲೋಳೆ ಕಾಯುತ್ತದೆ. ಹೆಣ್ಣು ಪಕ್ಕದ ಕಲ್ಲಿಗೆ ಮೊಟ್ಟೆ ಅಂಟಿಸುತ್ತದೆ. ಅಲ್ಲಿಂದ ಮುಂದೆ ಪಾಡೆಲ್ಲ ತಂದೆಯದು. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತಾ, ಕೆಟ್ಟ ಮೊಟ್ಟೆ ಆರಿಸಿ ತೆಗೆಯುತ್ತಾ ವಾರದಷ್ಟು ಕಾಲ ಕಾವಲು. ಕತ್ತಲಾದ ಮೇಲೆ ಮರಿಗಳು ಹೊರಬಂದು ಪ್ರವಾಹದಲ್ಲಿ ತೇಲಿಹೋಗುತ್ತವೆ. ತಾಯಿ ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ! 2003ರಲ್ಲಿ ಬಂದ 'ಫೈಂಡಿಂಗ್ ನೀಮೊ' ಚಿತ್ರದವರು ಈ ಸಂಗತಿಯನ್ನು ಜಾಣತನದಿಂದ ಬಿಟ್ಟುಬಿಟ್ಟರು.

ಇದರ ಹತ್ತಿರದ ನೆಂಟ ನಮ್ಮ ಮನ್ನಾರ್ ಕೊಲ್ಲಿಯಲ್ಲೇ ಇದೆ: ಕಪ್ಪುಗಂದು ಮೈ, ಬಿಳಿ ಪಟ್ಟೆ, ಹಳದಿ ಬಾಲದ ಸೀಬೆ ಕ್ಲೌನ್. ಅಲ್ಲಿನ ದ್ವೀಪಗಳು 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನ. ಆದರೂ ನೀರು ಕಾದು 2010ರಲ್ಲಿ, 2016ರಲ್ಲಿ ಅಲ್ಲಿನ ಹವಳಗಳು ಬಿಳಿಚಿಕೊಂಡವು. ಕಡಲ ಹೂವೂ ಹಾಗೆಯೇ ಬಿಳಿಚುತ್ತದೆ. ಮಂಡಪಂನ ಸರ್ಕಾರಿ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕ್ಲೌನ್ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸಿದ್ದಾರೆ. ಕೊಳ್ಳಲೇಬೇಕೆಂದರೆ ಹಾಗೆ ಬೆಳೆಸಿದ ಮೀನನ್ನು ಕೊಳ್ಳುವುದು ಮೇಲು.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, "ಆ ಕಡಲಿಗೆ ಇಲ್ಲಿಂದ ಎಷ್ಟು ತಿರುವು ಫಾದರ್?" ಎಂದ.

27 ತಿರುವು, ಆಮೇಲೆ ಒಂದಿಡೀ ದಿನದ ಬಸ್ಸು ಎಂದೆವು. ಅವನು ಆಗಲೇ ತಾಯಿಯ ಮುಖ ನೋಡುತ್ತಿದ್ದ.