ಸಿಕ್ಕಿಬೀಳದಿದ್ರೆ ಜಾಣ, ಸಿಕ್ಕಿಬಿದ್ರೆ ಕಳ್ಳ?

ಮೊನ್ನೆ ಆಫೀಸಿನಲ್ಲಿ ಊಟ ಮಾಡ್ತಾ ಫೋಕ್ಸ್‌ವ್ಯಾಗನ್ ಹಗರಣದ ಮಾತು ಬಂತು. ಪಕ್ಕದಲ್ಲಿದ್ದ ಗೆಳೆಯ, "ಏನೇ ಹೇಳು ಮಗಾ, ಆ ಕೋಡ್ ಬರೆದವನ ತಲೆ ಮೆಚ್ಚಬೇಕು" ಅಂದ. ಎಲ್ಲರೂ ನಕ್ಕರು. ನನಗೆ ತುತ್ತು ಗಂಟಲಲ್ಲೇ ನಿಂತ ಹಾಗಾಯ್ತು.

ಮರೆತವರಿಗೆ ನೆನಪಿಸ್ತೀನಿ. ಹೊಗೆ ಪರೀಕ್ಷೆ ಆಗ ನಡೀತಿದ್ದದ್ದು ಲ್ಯಾಬಿನಲ್ಲಿ, ಕಾರನ್ನು ರೋಲರ್ ಮೇಲೆ ನಿಲ್ಲಿಸಿ. ಚಕ್ರ ತಿರುಗುತ್ತೆ, ಸ್ಟೀರಿಂಗ್ ಅಲ್ಲಾಡಲ್ಲ. ಸ್ಟೀರಿಂಗ್, ವೇಗ, ಎಂಜಿನ್ ಓಡಿದ ಹೊತ್ತು, ಗಾಳಿಯ ಒತ್ತಡ ಇಷ್ಟನ್ನೂ ನೋಡಿ ಸಾಫ್ಟ್‌ವೇರ್ "ಓಹೋ, ಇದು ಪರೀಕ್ಷೆ" ಅಂತ ಪತ್ತೆ ಹಚ್ಚುತ್ತಿತ್ತು. ಆಗ ಕಾರು ಮಹಾ ಸಾಧು. ರಸ್ತೆಗಿಳಿದ್ರೆ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ! ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯೋ ಯಂತ್ರವನ್ನ ಕಾರಲ್ಲೇ ಇಟ್ಟು ರಸ್ತೆಯಲ್ಲಿ ಓಡಿಸಿದರು. 2014ರಲ್ಲಿ ಅವರ ವರದಿ ಬಂದ ಮೇಲೆ ಗುಟ್ಟು ಬಿಚ್ಚಿಕೊಳ್ತಾ ಹೋಯ್ತು. 2015ರಲ್ಲಿ ಕಂಪನಿ ಒಪ್ಪಿಕೊಂಡ ಲೆಕ್ಕ: ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು.

"ಪ್ರಾಣಿಗಳೂ ಕಣ್ತಪ್ಪಿಸಲ್ವಾ?" ಅಂದ ಇನ್ನೊಬ್ಬ. ತಪ್ಪಿಸ್ತವೆ. ಬಾವಲಿಯ ಕೂಗು ಕೇಳಿದ್ರೆ ಕೆಲವು ಪತಂಗಗಳು ರೆಕ್ಕೆ ಮಡಚಿ ದೊಪ್ಪನೆ ಕೆಳಗೆ ಬೀಳ್ತವೆ, ಜೀವ ಉಳಿಸಿಕೊಳ್ಳೋಕೆ. ಆದ್ರೆ ಇಲ್ಲಿ ಕಣ್ತಪ್ಪಿಸಿದ್ದು ಬೇಟೆ ಅಲ್ಲ ಸ್ವಾಮಿ, ಬೇಟೆಗಾರ. ಆ ಹೊಗೆ ಕುಡಿದವರು ಎಲ್ಲಿಗೆ ತಪ್ಪಿಸಿಕೊಳ್ಳಬೇಕಿತ್ತು?

"ಮೇಲಿನವರು ಹೇಳಿದ್ರು, ಪಾಪ ಎಂಜಿನಿಯರ್ ಏನು ಮಾಡ್ತಾನೆ" ಅನ್ನೋದು ಮತ್ತೊಂದು ವಾದ. ತಪ್ಪೊಪ್ಪಿಕೊಂಡ ಜೇಮ್ಸ್ ಲಿಯಾಂಗ್ ಅನ್ನೋ ಎಂಜಿನಿಯರ್‌ಗೆ 2017ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು ಕೊಟ್ಟಿತು. "ಪಾಪ" ಅಂತ ಬಿಡಲಿಲ್ಲ.

ಇಷ್ಟೆಲ್ಲ ಸಿಟ್ಟು ಯಾಕೆ ಅಂದ್ರೆ, ನಾನೂ ಇದನ್ನೇ ಮಾಡಿದೀನಿ. ಎಂಜಿನಿಯರಿಂಗ್ ಲ್ಯಾಬ್ ಪರೀಕ್ಷೆಯಲ್ಲಿ ನನ್ನ ಪ್ರೋಗ್ರಾಮ್ ಓಡಲಿಲ್ಲ. ಎಕ್ಸಾಮಿನರ್ ಯಾವ ಇನ್‌ಪುಟ್ ಕೊಡ್ತಾರೆ ಅಂತ ಹಿಂದಿನ ಬ್ಯಾಚಿನವರಿಂದ ಗೊತ್ತಿತ್ತು. ಅದು ಬಂದ್ರೆ ಈ ಉತ್ತರ ಪ್ರಿಂಟ್ ಮಾಡು ಅಂತ ಒಂದು 'ಇಫ್' ಹಾಕಿದೆ. ಪೂರ್ತಿ ಮಾರ್ಕ್ಸು! ಹಾಸ್ಟೆಲ್ಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆ 'ಇಫ್'ಗೂ ಕಾರಿನ 'ಇಫ್'ಗೂ ಗಾತ್ರ ಬೇರೆ ಅಷ್ಟೇ, ಜಾತಿ ಒಂದೇ.

ಅವತ್ತು ಯಾರಾದ್ರೂ ಒಬ್ಬ "ಥೂ, ಇದೆಂಥದೋ ನಿಂದು" ಅಂದಿದ್ರೆ ಆ ರಾತ್ರಿಯೇ ಕೂತು ಆ ಪ್ರೋಗ್ರಾಮ್ ಕಲೀತಿದ್ದೆನೇನೋ. ಯಾರೂ ಅನ್ನಲಿಲ್ಲ. ಮೊನ್ನೆ ಊಟದ ಮೇಜಲ್ಲಿ ನಾನೂ ಅನ್ನಲಿಲ್ಲ.

ಅದಕ್ಕೇ ಇಲ್ಲಿ ಅಂತಿದೀನಿ: ಅದು ಜಾಣತನ ಅಲ್ಲ, ಕಳ್ಳತನ. ನೀವೇನಂತೀರಿ?