ಹೆಸರು ಅಳಿಯುವ ಮುನ್ನ

ಗಡಿನಾಡಿನ ಕನ್ನಡ ಬಂಧುಗಳೇ,

ಶಾಲೆಯ ದಾಖಲಾತಿ ವಹಿ, ವಾಚನಾಲಯದ ಪುಸ್ತಕಪಟ್ಟಿ, ಸಂಘದ ಸದಸ್ಯರ ಯಾದಿ ಇವೆಲ್ಲವೂ ಗಣಕಯಂತ್ರದ ಡೇಟಾಬೇಸನ್ನು ಸೇರುತ್ತಿರುವ ಈ ಕಾಲದಲ್ಲಿ ಒಂದು ಅಪಾಯವನ್ನು ನಾವು ಮನಗಾಣಬೇಕಾಗಿದೆ. ಕನ್ನಡದಲ್ಲಿ ಬರೆದಿಟ್ಟ ಹೆಸರು, ಮರಳಿ ತೆರೆದಾಗ ಕೆಲವೊಮ್ಮೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಯೂ, ಕೆಲವೊಮ್ಮೆ ತಲೆಯ ಮೇಲೆ ಗೀಟುಳ್ಳ ಪರಕೀಯ ಅಕ್ಷರಗಳ ರಾಶಿಯಾಗಿಯೂ ತೋರುತ್ತದೆ. ಇವು ಒಂದೇ ವ್ಯಾಧಿಯಲ್ಲ. ಆದುದರಿಂದ ಮದ್ದೂ ಒಂದೇ ಅಲ್ಲ.

ಯಂತ್ರಕ್ಕೆ ತಿಳಿಯುವುದು ಅಂಕೆ ಮಾತ್ರ. ೧೯೯೧ರ ಯೂನಿಕೋಡ್ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡ ವರ್ಣಗಳಿಗೆ ಸಂಖ್ಯೆಗಳು ನಿಗದಿಯಾದವು. ಯುಟಿಎಫ್-೮ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ೩ ಬೈಟುಗಳ ಸ್ಥಳ ಬೇಕು. ‘ಕನ್ನಡ’ ಎಂಬುದು ಕಣ್ಣಿಗೆ ೩ ಅಕ್ಷರವಾದರೂ ಒತ್ತಿನ ಕಾರಣ ಯಂತ್ರಕ್ಕೆ ೫ ಸಂಕೇತ, ೧೫ ಬೈಟು. ಬಹುಪ್ರಚಲಿತವಾದ ಮೈಎಸ್‌ಕ್ಯೂಎಲ್ ಡೇಟಾಬೇಸಾದರೋ, ೨೦೧೮ರಲ್ಲಿ ೮.೦ ಆವೃತ್ತಿ ಹೊರಬರುವ ತನಕ, ಬೇರೆ ಸೂಚನೆ ಕೊಡದಿದ್ದಲ್ಲಿ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಏರ್ಪಟ್ಟ ಲ್ಯಾಟಿನ್-೧ ಪದ್ಧತಿಯನ್ನೇ ಅನುಸರಿಸುತ್ತಿತ್ತು. ಹಳೆಯ ಯಾದಿಗಳು ಕೆಡುವುದಕ್ಕೆ ಇದೊಂದು ಮುಖ್ಯ ಕಾರಣ.

ಪರೀಕ್ಷೆ ಸುಲಭವಾದುದು. ‘ಹೆಕ್ಸ್’ ಎಂಬ ಆಜ್ಞೆಯಿಂದ ಒಳಗಿರುವ ಅಂಕೆಗಳನ್ನು ನೋಡಿರಿ. ಸಾಲುಸಾಲಾಗಿ ‘೩ಎಫ್’ ಎಂದೇ ಬಂದರೆ ಪ್ರಶ್ನಾರ್ಥಕ ಚಿಹ್ನೆಗಳೇ ಒಳಗೂ ನೆಲೆನಿಂತಿವೆ. ಆ ಹೆಸರು ಅಳಿಯಿತು, ಯಾವ ಪಂಡಿತನೂ ಅದನ್ನು ಅಲ್ಲಿಂದ ತೆಗೆಯಲಾರ. ‘ಇ೦ ಬಿ೨’ ಅಥವಾ ‘ಇ೦ ಬಿ೩’ ಎಂಬ ಜೋಡಿಗಳು ಕಂಡರೆ ಧೈರ್ಯ ತಾಳಿರಿ. ಅಕ್ಷರ ಒಳಗೆ ಕ್ಷೇಮವಾಗಿದೆ, ದೋಷವಿರುವುದು ಸಂಪರ್ಕದಲ್ಲಿ ಇಲ್ಲವೆ ಅಂಕಣದ ಹಣೆಪಟ್ಟಿಯಲ್ಲಿ. ಸಂಪರ್ಕದ ದೋಷವಾದರೆ ಅಲ್ಲಿಯೇ ಯುಟಿಎಫ್೮ಎಂಬಿ೪ ಎಂದು ಸೂಚಿಸಿದರೆ ಸಾಕು. ಅಂಕಣಕ್ಕೆ ಲ್ಯಾಟಿನ್-೧ ಎಂಬ ಹಣೆಪಟ್ಟಿಯಿದ್ದರೆ ನೇರವಾಗಿ ಪರಿವರ್ತಿಸಲು ಹೋಗಬೇಡಿರಿ. ಪ್ರತಿಯೊಂದು ಬೈಟನ್ನೂ ಬೇರೆಬೇರೆ ಅಕ್ಷರವೆಂದು ಬಗೆದು ಯಂತ್ರವು ಎರಡನೆಯ ಬಾರಿ ಸಂಕೇತಿಸುತ್ತದೆ. ಮೊದಲು ಅಂಕಣವನ್ನು ಬೈನರಿಗೆ, ಆಮೇಲೆ ಯುಟಿಎಫ್೮ಎಂಬಿ೪ಕ್ಕೆ ಬದಲಿಸುವುದೇ ಕ್ರಮ.

ಇದಾವುದಕ್ಕೂ ಮೊದಲು ಇಡೀ ಸಂಚಯದ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸಬೇಕು. ಕೆಟ್ಟುದನ್ನು ಹಾಗೆಯೇ ಮತ್ತೆ ಉಳಿಸಿದರೆ ವಾಸಿಯಾಗಬಲ್ಲ ರೋಗವೂ ಅಸಾಧ್ಯವಾದೀತು.

ಕನ್ನಡಿಗನೊಬ್ಬನ ಹೆಸರು ಕನ್ನಡದಲ್ಲಿಯೇ ದಾಖಲೆಯಲ್ಲಿರುವುದು ನಮ್ಮಂತಹ ಸೀಮೆಗಳಲ್ಲಿ ಅಲ್ಪವಿಷಯವಲ್ಲ. ಆದುದರಿಂದ ಯಾದಿಯನ್ನು ಯಂತ್ರಕ್ಕೆ ಏರಿಸುವ ದಿನವೇ ಹತ್ತು ಹೆಸರುಗಳನ್ನು ಬರೆದು, ಮುಚ್ಚಿ, ಮರಳಿ ತೆರೆದು ಓದಿರಿ. ಅಲ್ಲಿಯವರೆಗೆ, ಅನಂತರವೂ, ಕಾಗದದ ವಹಿಯನ್ನು ರದ್ದಿಗೆ ಹಾಕದಿರಿ.